ಕಾಡು ಎಂದು ಬರೆದಿದ್ದ ಜಾಗದಲ್ಲಿ ಊರಿತ್ತು

ಪತ್ರಿಕೋದ್ಯಮ ಓದುವಾಗ ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದರು. ರಜೆಗೆ ಊರಿಗೆ ಹೋದವರು ನಿಮ್ಮ ನಿಮ್ಮ ಊರಿನ ನಕ್ಷೆ ಬರೆದುಕೊಂಡು ಬನ್ನಿ, ಎಲ್ಲಿಂದಲೂ ನಕಲು ಮಾಡಬೇಡಿ ಎಂದರು. ನಾವು ಬರೆದುಕೊಂಡು ಬಂದೆವು. ಬೋರ್‌ವೆಲ್, ಅಂಗನವಾಡಿ, ಹಾಲಿನ ಡೈರಿ, ಅರಳಿಕಟ್ಟೆ, ಬಸ್ಸು ನಿಲ್ಲುವ ಹುಣಸೆಮರ ಎಲ್ಲ ಇತ್ತು. ಆಮೇಲೆ ಫೋನಿನಲ್ಲಿದ್ದ ನಕ್ಷೆಯನ್ನು ಪಕ್ಕಕ್ಕಿಟ್ಟು ನೋಡಿದೆವು. ನಮ್ಮಲ್ಲೊಬ್ಬರ ಊರಿನಲ್ಲಿ ಮೇಲಿನ ಬೀದಿ, ದೇವಸ್ಥಾನ, ಶಾಲೆ ಇದ್ದವು. ಕೆಳಗಿನ ಕೇರಿ ಇರಲಿಲ್ಲ. ಅರವತ್ತು ಮನೆ ಇರುವ ಕಡೆ ಬರೀ ಹಸಿರು ಬಣ್ಣ.

ಆ ದಿನ ಮೇಷ್ಟ್ರು ಕಿಬೆರಾದ ಕಥೆ ಹೇಳಿದರು. ಕಿಬೆರಾ ಇರುವುದು ಆಫ್ರಿಕಾದ ಕೆನ್ಯಾ ದೇಶದಲ್ಲಿ, ನೈರೋಬಿ ನಗರದ ಒಳಗೆ. ಅದರ ಬಗ್ಗೆ ನಾವು ಆಮೇಲೂ ಹುಡುಕಿ ಹುಡುಕಿ ಓದಿದೆವು. ಕಂಪ್ಯೂಟರು, ಫೋನು ಬಂದ ಮೇಲೆ ನಗರಗಳನ್ನು ಸರಿಮಾಡುತ್ತೇವೆ ಎಂದು ಹೊರಟವರು ಪ್ರಪಂಚದ ತುಂಬ ಇದ್ದಾರೆ. ಅವರ ಐಡಿಯಾಗಳನ್ನು ಜನ ತಮ್ಮ ಕೈಗೆ ತೆಗೆದುಕೊಂಡು ತಿಕ್ಕಿ, ತೀಡಿ, ಕೆಲವನ್ನು ಬಿಸಾಡಿದ ಊರುಗಳಲ್ಲಿ ನೈರೋಬಿಯಷ್ಟು ರುಚಿಯಾದ ಇತಿಹಾಸ ಇರುವ ಊರು ನಮಗೆ ಇನ್ನೊಂದು ಸಿಕ್ಕಿಲ್ಲ.

ನೈರೋಬಿಗೆ ನಮ್ಮ ಮೈಸೂರಿನ ಹಾಗೆ ಹಳೆಯ ಚರಿತ್ರೆ ಇಲ್ಲ. ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಳಿ ಹಾಕುತ್ತಾ ಬಂದರು. 1899ರಲ್ಲಿ ಹಳಿ ಈ ಜೌಗು ನೆಲ ಮುಟ್ಟಿತು. ಸಾಮಾನು ಇಳಿಸಿಕೊಳ್ಳಲು ಇಲ್ಲೊಂದು ಡಿಪೋ ಮಾಡಿಕೊಂಡರು. ಡಿಪೋ ಬೆಳೆದು ರಾಜಧಾನಿಯಾಯಿತು. ಹಳಿ ಹಾಕಲು ಭಾರತದಿಂದ ಕರಾರಿನ ಮೇಲೆ ಸುಮಾರು 32,000 ಕೂಲಿಗಳನ್ನು ಕರೆದುಕೊಂಡು ಹೋಗಿದ್ದರು. ಅವರಲ್ಲಿ 2,500ರಷ್ಟು ಜನ ವಾಪಸ್ ಬರಲಿಲ್ಲ, ಅಲ್ಲೇ ತೀರಿಕೊಂಡರು.

ಬ್ರಿಟಿಷರ ಸೈನ್ಯದಲ್ಲಿ ಸೂಡಾನ್ ಕಡೆಯ ನೂಬಿ ಸೈನಿಕರಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವರಿಗೆ ನಗರದ ಅಂಚಿನ ಕಾಡಿನಲ್ಲಿ ಜಾಗ ತೋರಿಸಿದರು. ನೂಬಿಗಳ ಮಾತಿನಲ್ಲಿ ಕಾಡಿಗೆ ಕಿಬ್ರಾ ಅನ್ನುತ್ತಾರೆ. ಕಿಬೆರಾ ಅನ್ನುವ ಹೆಸರು ಬಂದದ್ದು ಹೀಗೆ. ಜಾಗ ಕೊಟ್ಟರು, ಹಕ್ಕುಪತ್ರ ಕೊಡಲಿಲ್ಲ. ಇರಿ ಅಂದರು, ನಿಮ್ಮದು ಅನ್ನಲಿಲ್ಲ. ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

1963ರಲ್ಲಿ ಕೆನ್ಯಾ ಸ್ವತಂತ್ರವಾಯಿತು. ಕಿಬೆರಾ ಸರ್ಕಾರಿ ಜಮೀನಾಗಿಯೇ ಉಳಿಯಿತು. ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಬಂದವರೆಲ್ಲ ಅಲ್ಲಿ ಸೇರಿದರು. ಮಣ್ಣಿನ ಗೋಡೆ, ತಗಡಿನ ಸೂರು, ಒಂದು ಕೋಣೆಗೆ ತಿಂಗಳ ಬಾಡಿಗೆ. ಕಾನೂನಿನ ಲೆಕ್ಕದಲ್ಲಿ ಅಲ್ಲಿ ಊರೇ ಇಲ್ಲ. ಊರೇ ಇಲ್ಲವೆಂದ ಮೇಲೆ ನಲ್ಲಿಯೂ ಇಲ್ಲ, ಚರಂಡಿಯೂ ಇಲ್ಲ. ನೀರನ್ನು ಕ್ಯಾನಿನ ಲೆಕ್ಕದಲ್ಲಿ ಕೊಂಡುಕೊಳ್ಳಬೇಕು. ಕೆಲವು ನಕ್ಷೆಗಳಲ್ಲಿ ಆ ಜಾಗಕ್ಕೆ ಕಾಡಿನ ಬಣ್ಣ ಹಚ್ಚಿದ್ದರು, ಕೆಲವದರಲ್ಲಿ ಖಾಲಿ ಬಿಟ್ಟಿದ್ದರು. ಅಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ಐದು ಲಕ್ಷ ಎಂದು ಒಬ್ಬರು, ಹತ್ತು ಲಕ್ಷ ಎಂದು ಇನ್ನೊಬ್ಬರು ಹೇಳುತ್ತಿದ್ದರು. 2009ರ ಜನಗಣತಿಯಲ್ಲಿ ಸಿಕ್ಕ ಲೆಕ್ಕ 1,70,070. ಗಣತಿಯಲ್ಲಿ ಬಿಟ್ಟುಹೋದವರು ಇರಬಹುದು. ಆದರೂ ಒಂದೂಮುಕ್ಕಾಲು ಲಕ್ಷಕ್ಕೂ ಹತ್ತು ಲಕ್ಷಕ್ಕೂ ಇರುವ ಅಂತರ ನೋಡಿ. ಪ್ರಪಂಚದ ಅರ್ಧ ಸಂಸ್ಥೆಗಳು ಬಂದು ಫೋಟೋ ತೆಗೆದುಕೊಂಡು ಹೋದ ಜಾಗವನ್ನು ಯಾರೂ ಸರಿಯಾಗಿ ಎಣಿಸಿರಲಿಲ್ಲ.

ಎಣಿಸುವ ವಿದ್ಯೆ ಅಲ್ಲಿಗೆ ಹೋದದ್ದರಲ್ಲಿ ನಮ್ಮ ಕಡೆಯ ಒಬ್ಬರ ಪಾಲಿದೆ. ಜೋಕಿನ್ ಅರ್ಪುತಮ್ ಹುಟ್ಟಿದ್ದು ಕೋಲಾರದ ಕೆಜಿಎಫ್‌ನಲ್ಲಿ. ಮುಂಬೈಗೆ ಹೋಗಿ ಕೊಳೆಗೇರಿಯಲ್ಲಿ ಬದುಕಿ, ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ ಕಟ್ಟಿದವರು. ಒಕ್ಕಲೆಬ್ಬಿಸಲು ಬಂದವರ ಮುಂದೆ ಕೂಗಾಡುವುದರ ಜೊತೆಗೆ, ಇಲ್ಲಿ ಇಷ್ಟು ಮನೆ ಇದೆ, ಇಂಥಿಂಥವರು ಇಷ್ಟು ವರ್ಷದಿಂದ ಇದ್ದಾರೆ ಎಂದು ಕಾಗದ ತೋರಿಸುವುದನ್ನು ಈ ಒಕ್ಕೂಟ ಮತ್ತು ಅದರ ಜೊತೆಗಿದ್ದ ಮಹಿಳಾ ಮಿಲನ್ ಹೆಂಗಸರು ರೂಢಿ ಮಾಡಿದ್ದರು. 1996ರಲ್ಲಿ ಹಲವು ದೇಶಗಳ ಇಂಥ ಒಕ್ಕೂಟಗಳೆಲ್ಲ ಸೇರಿ ಒಂದು ಜಾಲ ಮಾಡಿಕೊಂಡರು. ಜೋಕಿನ್ ಅದರ ಅಧ್ಯಕ್ಷರೂ ಆದರು. ಅದೇ ಹೊತ್ತಿಗೆ ನೈರೋಬಿಯಲ್ಲಿ 'ಮುಂಗಾನೊ ವಾ ವನವಿಜಿಜಿ' ಎಂಬ ಕೊಳೆಗೇರಿ ಜನರ ಸಂಘ ಹುಟ್ಟಿತು. ಕೆನ್ಯಾದವರು ಈ ಜಾಲದ ಮೂಲಕ ಮುಂಬೈಗೆ ಬಂದು ನೋಡಿದರು. ಕಿಬೆರಾದ ಹಳಿ ಪಕ್ಕದ ಮನೆಗಳನ್ನು ಏನು ಮಾಡುವುದು ಎಂಬ ಜಗಳ ಎದ್ದಾಗ ಅಲ್ಲಿನ ರೈಲ್ವೆ ಅಧಿಕಾರಿಗಳೂ ಬಂದು ಹೋದರು. ಹಿಂದಿರುಗಿದ ಸಂಘದವರು ಮನೆ ಮನೆಗೆ ನಂಬರು ಹಾಕಿ ಎಣಿಸಿದರು. ಕಾಗದ, ಪೆನ್ನು, ಸೀಮೆಸುಣ್ಣ ಬಿಟ್ಟರೆ ಅದರಲ್ಲಿ ತಂತ್ರಜ್ಞಾನ ಅನ್ನುವಂಥದ್ದು ಇರಲಿಲ್ಲ.

ಫೋನಿನ ಕಥೆ ಶುರುವಾಗುವುದು 2005ರಲ್ಲಿ. ಸಫಾರಿಕಾಂ ಎಂಬ ಕಂಪನಿ ಆ ಅಕ್ಟೋಬರಿನಲ್ಲಿ ನೈರೋಬಿ ಮತ್ತು ಹತ್ತಿರದ ಥಿಕಾ ಪಟ್ಟಣದಲ್ಲಿ ಒಂದು ಪರೀಕ್ಷೆ ಮಾಡಿತು. ಕಿರುಸಾಲ ಪಡೆದ ಸುಮಾರು 500 ಜನರ ಕೈಗೆ ಫೋನು ಕೊಟ್ಟರು. ಸಂಘದ ಸಾಲದ ಕಂತನ್ನು ನೀವು ಮೆಸೇಜಿನಲ್ಲೇ ಕಟ್ಟಬಹುದು ಎಂದು ಹೇಳಿಕೊಟ್ಟರು. ಕಂಪನಿಯವರ ಐಡಿಯಾ ಅಷ್ಟೇ ಇತ್ತು, ಸಾಲ ಕಟ್ಟುವುದು.

ಜನ ಏನು ಮಾಡಿದರು ಗೊತ್ತೇ? ಕಂತು ಕಟ್ಟಿದರು, ಸರಿ. ಅದರ ಜೊತೆಗೆ ಅಂಗಡಿಯವರು ಇನ್ನೊಬ್ಬ ಅಂಗಡಿಯವರಿಗೆ ಅದರಲ್ಲೇ ದುಡ್ಡು ಕಳಿಸಿದರು. ಊರಿನಲ್ಲಿರುವ ನೆಂಟರ ಫೋನಿಗೆ ಇಲ್ಲಿಂದಲೇ ಕರೆನ್ಸಿ ಹಾಕಿದರು. ದೂರ ಪ್ರಯಾಣ ಹೊರಟವರು ದುಡ್ಡನ್ನು ಇಲ್ಲಿ ಫೋನಿಗೆ ತುಂಬಿಸಿ, ಖಾಲಿ ಜೇಬಲ್ಲಿ ಹೋಗಿ ಇಳಿದ ಕಡೆ ಬಿಡಿಸಿಕೊಂಡರು. ದಾರಿಯಲ್ಲಿ ಕಳ್ಳರ ಭಯ ತಪ್ಪಿತು. ಕಂಪನಿಯವರು ಇದನ್ನೆಲ್ಲ ನೋಡಿ ತಮ್ಮ ಐಡಿಯಾ ಬದಲಾಯಿಸಿದರು. 2007ರ ಮಾರ್ಚಿನಲ್ಲಿ ಎಂ-ಪೆಸಾ ಹೆಸರಿನಲ್ಲಿ ಇದು ದೇಶಕ್ಕೆಲ್ಲ ಬಂದಾಗ, ಊರಿಗೆ ದುಡ್ಡು ಕಳಿಸಿ ಅನ್ನುವುದೇ ಅದರ ಜಾಹೀರಾತಾಗಿತ್ತು. ಸಾಲದ ಕಂತು ಹಿಂದೆ ಸರಿದಿತ್ತು. ಪೆಸಾ ಅಂದರೆ ಸ್ವಾಹಿಲಿಯಲ್ಲಿ ದುಡ್ಡು. ನಮ್ಮ ಸಂತೆಯಲ್ಲಿ ಸೊಪ್ಪಿನ ಬುಟ್ಟಿಗೆ ಕ್ಯೂಆರ್ ಚೀಟಿ ಅಂಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅಲ್ಲಿ ಗುಂಡಿ ಒತ್ತುವ ಸಾದಾ ಫೋನಿನಲ್ಲಿ ಹಣ ಓಡಾಡುತ್ತಿತ್ತು.

ಅದೇ ವರ್ಷ ಡಿಸೆಂಬರ್ 27ಕ್ಕೆ ಕೆನ್ಯಾದಲ್ಲಿ ಅಧ್ಯಕ್ಷ ಚುನಾವಣೆ. ಅಧಿಕಾರದಲ್ಲಿದ್ದ ಮ್ವಾಯ್ ಕಿಬಾಕಿ ಗೆದ್ದರೆಂದು ಘೋಷಿಸಿದರು. ಎದುರಾಳಿ ರೈಲಾ ಒಡಿಂಗಾ ಅವರ ಕಡೆಯವರು ಎಣಿಕೆಯಲ್ಲಿ ಮೋಸವಾಗಿದೆ ಎಂದರು. ಕಿಬೆರಾ ಇದ್ದದ್ದು ಒಡಿಂಗಾ ಅವರದೇ ಕ್ಷೇತ್ರದಲ್ಲಿ. ಬೆಂಕಿ ಹತ್ತಿತು. ಬುಡಕಟ್ಟು ಬುಡಕಟ್ಟುಗಳ ನಡುವೆ ಹೊಡೆದಾಟ, ಪೊಲೀಸರ ಗುಂಡು. ಕಿಬೆರಾದಲ್ಲಿ ರೈಲು ಹಳಿಗಳನ್ನು ಕಿತ್ತೆಸೆದರು. ದೇಶದಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆ ಬಿಟ್ಟು ಓಡಿದರು. ಟಿವಿ, ರೇಡಿಯೋಗಳು ನೇರ ಪ್ರಸಾರ ಮಾಡಬಾರದು ಎಂದು ಸರ್ಕಾರ ಆದೇಶ ಮಾಡಿತು.

ಆಗ ಓರಿ ಒಕೊಲ್ಲೊ ಎಂಬ ವಕೀಲೆ ಒಂದು ಬ್ಲಾಗ್ ಬರೆಯುತ್ತಿದ್ದರು. ಎಲ್ಲೆಲ್ಲಿ ಏನಾಯಿತು ಎಂದು ಜನ ಅವರಿಗೆ ಬರೆದು ತಿಳಿಸುತ್ತಿದ್ದರು. ಒಬ್ಬರ ಕೈಯಲ್ಲಿ ಆಗುವ ಕೆಲಸ ಅದಲ್ಲ. ಯಾರಾದರೂ ಕಂಪ್ಯೂಟರ್ ಗೊತ್ತಿರುವವರು ಇದನ್ನೆಲ್ಲ ನಕ್ಷೆಯ ಮೇಲೆ ಕೂರಿಸಬಹುದೇ ಎಂದು ಅವರು ಕೇಳಿದರು. ನಾಲ್ಕೈದು ಜನ ಸೇರಿ ಕೆಲವೇ ದಿನಗಳಲ್ಲಿ ಮಾಡಿಯೇಬಿಟ್ಟರು. ಮೆಸೇಜ್ ಕಳಿಸಿದರೆ ಅದು ನಕ್ಷೆಯ ಮೇಲೆ ಚುಕ್ಕೆಯಾಗಿ ಕೂರುತ್ತಿತ್ತು. ಹೆಸರು ಉಶಾಹಿಡಿ. ಸ್ವಾಹಿಲಿಯಲ್ಲಿ ಹಾಗಂದರೆ ಸಾಕ್ಷಿ ಹೇಳುವುದು. ಎರಡು ವರ್ಷದ ನಂತರ, 2010ರಲ್ಲಿ, ಹೈಟಿ ದೇಶದಲ್ಲಿ ಭೂಕಂಪವಾದಾಗ ಇದೇ ಉಶಾಹಿಡಿಯನ್ನು ಬಳಸಿದರು.

ಇಲ್ಲಿ ಒಂದು ತೊಡಕಿತ್ತು. ಕಿಬೆರಾದಿಂದ ಸಾಕ್ಷಿ ಹೇಳಿದರೆ ಚುಕ್ಕೆ ಕೂರುವುದು ಎಲ್ಲಿ? ಆ ಜಾಗವೇ ನಕ್ಷೆಯಲ್ಲಿ ಖಾಲಿ.

2009ರ ಕೊನೆಗೆ ಮಿಕೆಲ್ ಮರೊನ್ ಮತ್ತು ಎರಿಕಾ ಹೇಗನ್ ಎಂಬ ಇಬ್ಬರು ಅಮೆರಿಕದವರು ಕಿಬೆರಾಕ್ಕೆ ಬಂದರು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂದು ಒಂದು ನಕ್ಷೆ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಯಾರು ಬೇಕಾದರೂ ಅದಕ್ಕೆ ತಮ್ಮೂರಿನ ರಸ್ತೆ, ಕೆರೆ, ಅಂಗಡಿ ಸೇರಿಸಬಹುದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅದರಲ್ಲಿ ಕಿಬೆರಾದವರೇ ಕಿಬೆರಾವನ್ನು ಬರೆದರೆ ಏನಾಗುತ್ತದೆ ಎಂದು ನೋಡುವುದು ಅವರ ಆಸೆ. ಕಿಬೆರಾದ ಒಳಗೆ ಹತ್ತಾರು ಭಾಗಗಳಿವೆ: ಕಿಯಾಂಡಾ, ಗಟ್ವೆಕೆರಾ, ಲಿಂಡಿ, ಸಿಲಾಂಗಾ, ಮಶಿಮೋನಿ, ಲೈನಿ ಸಬಾ. ಅಲ್ಲಿನವರು ಇವನ್ನು ಹಳ್ಳಿ ಎಂದೇ ಕರೆಯುತ್ತಾರೆ. ನಗರದ ನಟ್ಟನಡುವೆ ಹಳ್ಳಿಗಳು! ಅವುಗಳಿಂದ 13 ಜನ ಯುವಕ ಯುವತಿಯರು ಮುಂದೆ ಬಂದರು.

ಅವರ ಕೈಗೆ ಅಂಗೈಯಷ್ಟು ದೊಡ್ಡ ಜಿಪಿಎಸ್ ಯಂತ್ರ ಬಂತು. ಉಪಗ್ರಹದ ಸಂಕೇತ ಹಿಡಿದು ನೀವು ನಿಂತ ಜಾಗವನ್ನು ಗುರುತು ಹಾಕಿಕೊಳ್ಳುವ ಯಂತ್ರ ಅದು. ಈಗ ನಿಮ್ಮ ಫೋನಿನ ಒಳಗೇ ಇದೆ. ಅದನ್ನು ಹಿಡಿದು ಅವರು ಓಣಿ ಓಣಿ ನಡೆದರು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದಷ್ಟು ಇಕ್ಕಟ್ಟಿನ ಓಣಿಗಳು. ನೀರು ಮಾರುವ ನಲ್ಲಿ, ಕಾಸು ಕೊಟ್ಟು ಹೋಗುವ ಶೌಚಾಲಯ, ಔಷಧಿ ಅಂಗಡಿ, ಕ್ಲಿನಿಕ್, ಚರ್ಚು, ಮಸೀದಿ, ಶಾಲೆ. ಒಂದೊಂದರ ಮುಂದೆಯೂ ನಿಂತು ಗುರುತು ಹಾಕಿಕೊಂಡು, ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಸಂಜೆ ಕಂಪ್ಯೂಟರಿನ ಮುಂದೆ ಕೂತು ಏರಿಸಿದರು. ಮೂರು ವಾರದಲ್ಲಿ ಖಾಲಿ ಇದ್ದ ಜಾಗ ಗಿಜಿಗಿಜಿ ತುಂಬಿತು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಇದೊಂದು ಸಂಸ್ಥೆಯ ವರದಿಯಾಗುತ್ತಿತ್ತು. ನಮಗೆ ಹಿಡಿಸಿದ್ದು ಆಮೇಲಿನದ್ದು. ಓಣಿಯಲ್ಲಿ ನಡೆಯುವಾಗಲೇ ಜನ ಕೇಳುತ್ತಿದ್ದರು: ಯಾರು ಕಳಿಸಿದ್ದು ನಿಮ್ಮನ್ನು? ಮನೆ ಒಡೆಯುವವರಿಗೆ ಗುರುತು ಹಾಕುತ್ತಿದ್ದೀರಾ? ಎಷ್ಟು ದುಡ್ಡು ಕೊಡುತ್ತಾರೆ? ನಮಗೇನು ಸಿಗುತ್ತದೆ? ಯಾವ ಸರ್ವೆಯವರು ಬಂದರೂ ನಮ್ಮೂರಿನಲ್ಲಿ ಕೇಳುವುದು ಇದನ್ನೇ, ಮತ್ತು ಹಾಗೆ ಕೇಳುವುದು ಸರಿಯಾಗಿಯೇ ಇದೆ. ನಕ್ಷೆ ಬೇಕು ಎಂದು ಕಿಬೆರಾದವರು ಅರ್ಜಿ ಹಾಕಿರಲಿಲ್ಲ. ಐಡಿಯಾ ಹೊರಗಿನಿಂದ ಬಂದದ್ದು. ನಕ್ಷೆ ಇದ್ದದ್ದು ಇಂಟರ್ನೆಟ್‌ನಲ್ಲಿ, ಇಂಟರ್ನೆಟ್ ಇದ್ದದ್ದು ಕಿಬೆರಾದ ಕೆಲವೇ ಜನರ ಕೈಯಲ್ಲಿ. ಅಂದರೆ ಕಿಬೆರಾವನ್ನು ಪ್ರಪಂಚವೆಲ್ಲ ನೋಡಬಹುದು, ಕಿಬೆರಾದವರೇ ನೋಡಲಾರರು. ಈ ತಪ್ಪನ್ನು ಆ ಕೆಲಸ ಮಾಡಿದವರೇ ಬರೆದು ಒಪ್ಪಿಕೊಂಡಿದ್ದಾರೆ.

ಆದ್ದರಿಂದ ಅವರು ಕಂಪ್ಯೂಟರಿನಿಂದ ಕಾಗದಕ್ಕೆ ಇಳಿದರು. ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಸಭೆಗಳಿಗೆ ಹೊತ್ತುಕೊಂಡು ಹೋದರು, ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು. ಹುಡುಗಿಯರ ಗುಂಪು ಕೂರಿಸಿ, ಮುದ್ರಿಸಿದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ನಿಮಗೆ ಎಲ್ಲಿ ಹೆದರಿಕೆ ಆಗುತ್ತದೆ ಗುರುತು ಮಾಡಿ ಎಂದು ಪೆನ್ನು ಕೊಟ್ಟರು. ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿ, ಬೆಳಕಿಲ್ಲದ ತಿರುವು, ಗಂಡಸರು ಕುಡಿದು ಕೂರುವ ಜಾಗ, ಎಲ್ಲ ಹಾಳೆಗೆ ಬಂತು. ಯಾವ ಜಿಪಿಎಸ್ ಯಂತ್ರವೂ ಇದನ್ನು ಹಿಡಿಯಲಾರದು. 1990ರ ಸುಮಾರಿಗೆ ನಮ್ಮ ಕರ್ನಾಟಕದಲ್ಲಿ ಮೈರಾಡದಂಥ ಸಂಸ್ಥೆಗಳು ಹಳ್ಳಿಗರ ಕೈಯಲ್ಲೇ ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲು ಇಟ್ಟು ಊರಿನ ನಕ್ಷೆ ಬರೆಸುತ್ತಿದ್ದವು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅಂಥ ಸಭೆಯಲ್ಲಿ ಕೂತವರು ಇರಬಹುದು. ಕಿಬೆರಾದವರು ಸುತ್ತಿ ಬಳಸಿ ಬಂದು ತಲುಪಿದ್ದು ಹೆಚ್ಚುಕಡಿಮೆ ಅಲ್ಲಿಗೇ.

ಅದರ ಬೆನ್ನಿಗೇ, 2010ರಲ್ಲಿ, ಯುವಕರು ಪುಟ್ಟ ಕ್ಯಾಮೆರಾ ಹಿಡಿದು ಕಿಬೆರಾ ನ್ಯೂಸ್ ನೆಟ್‌ವರ್ಕ್ ಎಂದು ತಮ್ಮದೇ ಸುದ್ದಿ ಮಾಡತೊಡಗಿದರು. ಬೆಂಕಿ ಬಿದ್ದದ್ದು, ಚರಂಡಿ ಉಕ್ಕಿದ್ದು, ಜೊತೆಗೆ ಮದುವೆ, ಫುಟ್‌ಬಾಲ್, ಹಾಡು. ಹೊರಗಿನ ಟಿವಿಯವರಿಗೆ ಕಿಬೆರಾ ಅಂದರೆ ಕೊಚ್ಚೆ ಮತ್ತು ಕಲ್ಲೆಸೆತ. ಇವರಿಗೆ ಅದು ಊರು. ಒಂದು ಫೋನು, ಒಂದು ಮೈಕು ಹಿಡಿದು ತಾಲ್ಲೂಕು ಸುತ್ತುವ ನಮಗೆ ಇವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು, ಬಹಳ ಪ್ರೀತಿ. ಮುಂದೆ ಅದೇ ತಂಡ ಶಾಲೆಗಳನ್ನು ಎಣಿಸಿತು. 300ಕ್ಕೂ ಹೆಚ್ಚು ಸಿಕ್ಕವು. ಅವುಗಳಲ್ಲಿ ಸರ್ಕಾರದ್ದು ಬೆರಳೆಣಿಕೆಯಷ್ಟು. ಉಳಿದವೆಲ್ಲ ಚರ್ಚಿನವರು, ಸಂಘದವರು, ಯಾರೋ ಒಬ್ಬ ಟೀಚರಮ್ಮ ತಗಡಿನ ಕೋಣೆಯಲ್ಲಿ ನಡೆಸುತ್ತಿದ್ದ ಶಾಲೆಗಳು.

ಇನ್ನು ಬಸ್ಸಿನ ವಿಚಾರ. ನೈರೋಬಿಯಲ್ಲಿ ಜನ ಓಡಾಡುವುದು ಮಟಾಟು ಎಂಬ ಖಾಸಗಿ ವ್ಯಾನುಗಳಲ್ಲಿ. ಟಾಟು ಅಂದರೆ ಮೂರು. ಹಿಂದೆ ಹತ್ತು ಸೆಂಟಿನ ಮೂರು ನಾಣ್ಯ ಕೊಟ್ಟರೆ ಕೂರಿಸಿಕೊಳ್ಳುತ್ತಿದ್ದರು, ಅದಕ್ಕೇ ಆ ಹೆಸರು. ಮೈ ತುಂಬ ಬಣ್ಣ, ಕಿವಿ ತುಂಬ ಹಾಡು, ಬಾಗಿಲಲ್ಲಿ ನೇತಾಡುವ ಕಂಡಕ್ಟರು. ನಮ್ಮ ಕಡೆಯ ಟೆಂಪೋ, ಮ್ಯಾಕ್ಸಿಕ್ಯಾಬ್ ಹತ್ತಿದವರಿಗೆ ಹೊಸದೇನಲ್ಲ. ಯಾವ ವ್ಯಾನು ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿ ಮಾತ್ರ ಜನರಿಗೆ ಸಿಗುವ ಹಾಗೆ ಎಲ್ಲೂ ಇರಲಿಲ್ಲ. 2012ರಿಂದ ನೈರೋಬಿ ವಿಶ್ವವಿದ್ಯಾಲಯದವರು ಅಮೆರಿಕದ ಎಂಐಟಿ, ಕೊಲಂಬಿಯಾ ವಿಶ್ವವಿದ್ಯಾಲಯಗಳ ಜೊತೆ ಸೇರಿ ವಿದ್ಯಾರ್ಥಿಗಳನ್ನು ಮಟಾಟು ಹತ್ತಿಸಿದರು. ಕೈಯಲ್ಲಿ ಫೋನು. ವ್ಯಾನು ನಿಂತ ಕಡೆಯೆಲ್ಲ ಗುರುತು, ಆ ನಿಲ್ದಾಣಕ್ಕೆ ಜನ ಏನೆಂದು ಕರೆಯುತ್ತಾರೋ ಅದೇ ಹೆಸರು. ಸುಮಾರು 130 ಮಾರ್ಗಗಳನ್ನು ಹೀಗೆ ಕೂತು ಕೂತು ಹಿಡಿದರು. 2014ರ ಜನವರಿಯಲ್ಲಿ ಬಣ್ಣಬಣ್ಣದ ಗೆರೆಗಳ ನಕ್ಷೆ ಹೊರಬಂತು. ಮರುವರ್ಷ ಗೂಗಲ್ ನಕ್ಷೆಯಲ್ಲೂ ಈ ಮಾಹಿತಿ ಸೇರಿತು. ನಕ್ಷೆ ಹರಡಿಟ್ಟಾಗ ಮಟಾಟು ಮಾಲೀಕರೇ ಬಗ್ಗಿ ನೋಡಿ, ಎಲ್ಲ ಗೆರೆಯೂ ಪೇಟೆಯ ನಡುವಿಗೇ ಹೋಗುತ್ತಿದೆ, ಇಲ್ಲಿಂದಿಲ್ಲಿಗೆ ನೇರ ಓಡಿಸಿದರೆ ಗಿರಾಕಿ ಸಿಗುತ್ತಾರೆ ಎಂದು ಹೊಸ ಮಾರ್ಗದ ಮಾತಾಡತೊಡಗಿದರು.

ಅದೇ ವರ್ಷಗಳಲ್ಲಿ ಅದೇ ವ್ಯಾನುಗಳಿಗೆ ಇನ್ನೊಂದು ಐಡಿಯಾ ಬಂತು. ಟಿಕೆಟ್ಟಿಗೆ ಕಾಸು ಬೇಡ, ಕಾರ್ಡು ಮುಟ್ಟಿಸಿ ಎಂದು. 2013ರಲ್ಲಿ ಗೂಗಲ್ ಕಂಪನಿ ಅಲ್ಲಿನ ಒಂದು ಬ್ಯಾಂಕಿನ ಜೊತೆ ಬೆಬಾಪೇ ಎಂಬ ಕಾರ್ಡು ತಂದಿತು. ಇನ್ನೂ ಕೆಲವು ಕಂಪನಿಗಳು ತಮ್ಮ ತಮ್ಮ ಕಾರ್ಡು ತಂದವು. ಒಬ್ಬರ ಕಾರ್ಡು ಇನ್ನೊಬ್ಬರ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. 2014ರಲ್ಲಿ ಎಲ್ಲ ಮಟಾಟುಗಳಿಗೂ ಇದು ಕಡ್ಡಾಯ ಎಂದು ಸರ್ಕಾರ ಹೇಳಿತು, ಗಡುವು ಮುಂದೂಡಿತು. ಕಡ್ಡಾಯ ಕಾಗದದಲ್ಲೇ ಉಳಿಯಿತು. ಡ್ರೈವರು ಕಂಡಕ್ಟರುಗಳ ಬದುಕು ನಡೆಯುವುದು ಆ ದಿನದ ಕೈಕಾಸಿನಲ್ಲಿ. ಡೀಸೆಲ್ಲು, ಊಟ, ದಾರಿಯಲ್ಲಿ ಪೊಲೀಸರ ಕೈಬಿಸಿ, ಮಾಲೀಕರಿಗೆ ದಿನದ ಲೆಕ್ಕ, ಉಳಿದದ್ದು ಇವರಿಗೆ. ಕಾರ್ಡು ಬಂದರೆ ಎಲ್ಲ ಕಾಸೂ ನೇರ ಮೇಲಕ್ಕೆ. ಕಂಡಕ್ಟರು ಯಂತ್ರ ಕೆಟ್ಟಿದೆ ಎಂದ, ಪ್ರಯಾಣಿಕರು ಕಾಸು ಕೊಟ್ಟರು. 2015ರಲ್ಲಿ ಬೆಬಾಪೇ ಅಂಗಡಿ ಮುಚ್ಚಿತು. ಎಂ-ಪೆಸಾವನ್ನು ಅಷ್ಟು ಬೇಗ ಅಪ್ಪಿಕೊಂಡ ಅದೇ ಜನ ಇವರು, ಇವರಿಗೆ ತಂತ್ರಜ್ಞಾನದ ಭಯ ಇತ್ತು ಎನ್ನುವ ಹಾಗಿಲ್ಲ. ಎಂ-ಪೆಸಾದವರು 500 ಜನರ ಕೈಯಲ್ಲಿಟ್ಟು ನೋಡಿ ತಾವು ಬದಲಾದರು, ಕಾರ್ಡಿನವರು ಕಂಡಕ್ಟರನ್ನು ಕೇಳಲೇ ಇಲ್ಲ ಎಂಬುದು ನಮ್ಮ ಅನಿಸಿಕೆ.

2017ರ ಜೂನ್‌ನಲ್ಲಿ ನೂಬಿಗಳಿಗೆ ಕೊನೆಗೂ 288 ಎಕರೆಗೆ ಸಮುದಾಯದ ಹೆಸರಿನಲ್ಲಿ ಹಕ್ಕುಪತ್ರ ಸಿಕ್ಕಿತು. ನೂರಕ್ಕೂ ಹೆಚ್ಚು ವರ್ಷ ಕಾದ ಮೇಲೆ. ಉಳಿದ ಬಾಡಿಗೆದಾರರಿಗೆ ಏನೂ ಸಿಗಲಿಲ್ಲ.

2018ರ ಜುಲೈ 23ರ ಬೆಳಗ್ಗೆ ಕಿಬೆರಾಕ್ಕೆ ಬುಲ್ಡೋಜರುಗಳು ಬಂದವು. ಎರಡು ದೊಡ್ಡ ರಸ್ತೆಗಳನ್ನು ಕೂಡಿಸುವ ಹೊಸ ರಸ್ತೆ ಕಿಬೆರಾದ ನಡುವೆ ಹಾದುಹೋಗಬೇಕಿತ್ತು. ಅಂದಾಜು 30,000 ಜನ ಮನೆ ಕಳೆದುಕೊಂಡರು. ಶಾಲೆಗಳೂ ಉರುಳಿದವು. ಯೂನಿಫಾರಂ ಹಾಕಿಕೊಂಡ ಮಕ್ಕಳು ಮುರಿದ ತಗಡಿನ ರಾಶಿಯ ಮುಂದೆ ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಒಂಬತ್ತು ವರ್ಷ ಹಿಂದೆ ಓಣಿ ಓಣಿ ನಡೆದು ಬರೆದ ನಕ್ಷೆ ಒಂದು ಬುಲ್ಡೋಜರನ್ನೂ ನಿಲ್ಲಿಸಲಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈಗ ಕಿಬೆರಾ ತೆರೆದರೆ ಆ ಹೊಸ ರಸ್ತೆ ಕಾಣುತ್ತದೆ. ಆದರೆ ಆ ನಕ್ಷೆಯಲ್ಲಿ ಒಂದು ಗುಣ ಇದೆ. ಅಳಿಸಿದ್ದು ಪೂರ್ತಿ ಅಳಿಯುವುದಿಲ್ಲ. ಯಾವ ಚುಕ್ಕೆಯನ್ನು ಯಾವ ದಿನ ಇಟ್ಟರು, ಅದಕ್ಕೆ ಏನು ಹೆಸರು ಬರೆದರು, ಯಾವ ದಿನ ತೆಗೆದರು ಎಂಬುದೆಲ್ಲ ಹಿಂದಿನ ಲೆಕ್ಕದಲ್ಲಿ ಉಳಿದಿರುತ್ತದೆ. ಗುರುತು ಹಾಕಿದ ಶಾಲೆ, ನಲ್ಲಿ, ಔಷಧಿ ಅಂಗಡಿ ಎಲ್ಲಿದ್ದವು ಎಂದು ಯಾರಾದರೂ ಕೇಳಿದರೆ ತೆಗೆದು ತೋರಿಸಬಹುದು.

ನಮ್ಮ ಗೆಳೆಯರ ಊರಿನ ಕೆಳಗಿನ ಕೇರಿಯನ್ನು ಹೋದ ಯುಗಾದಿ ರಜೆಯಲ್ಲಿ ನಾವು ಮೂವರು ಹೋಗಿ ಅದೇ ನಕ್ಷೆಗೆ ಸೇರಿಸಿ ಬಂದೆವು. ಅರವತ್ತಲ್ಲ, ಎಪ್ಪತ್ಮೂರು ಮನೆ ಇತ್ತು. ಒಬ್ಬ ಅಜ್ಜಿ ಕೇಳಿದರು, ಯಾರು ಕಳಿಸಿದ್ದಪ್ಪಾ ನಿಮ್ಮನ್ನ ಅಂತ.